ಹೆರದವಳಿಗೊಂದು ಬಾಣಂತನ

ನನ್ನ ಹೊಟ್ಟೆಗೆ ಹಾಕಿದ್ದು ನಾಲ್ಕು ತೂತು. ಒಂದೊಂದೂ ಕಡಲೆಕಾಳಿನಷ್ಟು. ನೋವು ಬಂದದ್ದು ಮಾತ್ರ ಬಲಗಡೆಯ ಭುಜಕ್ಕೆ. ಇದನ್ನು ಹೇಳಿದರೆ ನಂಬುವವರು ಇಡೀ ಹಾಸನ ಜಿಲ್ಲೆಯಲ್ಲಿ ಒಬ್ಬರೂ ಇಲ್ಲ ಎಂದು ಆ ವಾರ ನನಗೆ ಅನ್ನಿಸಿಬಿಟ್ಟಿತ್ತು. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದು ಭುಜ ನೋವು ಎಂದು ಅಳುವವಳನ್ನು ಜನ ಹೇಗೆ ನೋಡುತ್ತಾರೆ ಎಂಬುದು ಆ ನೋವು ತಿಂದವರಿಗೇ ಗೊತ್ತು. ನಾಟಕ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, 'ಪಾಪ, ಹೆದರ್ಕೊಂಡವ್ಳೆ' ಅನ್ನುತ್ತಾರೆ.

ಅದಕ್ಕೇ ಇದನ್ನು ಬರೆಯಲು ಕೂತೆ. ನಿಮ್ಮಲ್ಲಿ ಯಾರಾದರೂ ಗರ್ಭಕೋಶದ್ದೋ ಅಂಡಾಶಯದ್ದೋ ತೂತಿನ ಆಪರೇಷನ್ ಮುಗಿಸಿಕೊಂಡು ಬಂದು, ಭುಜ ಕಿತ್ತು ಬರುವ ಹಾಗೆ ನೋಯುತ್ತಿರುವಾಗ ಮನೆಯವರೆಲ್ಲ ಸೇರಿ 'ಬರೀ ಸಣ್ಣ ತೂತು ಅಲ್ವಾ' ಎಂದು ಸಮಾಧಾನ ಮಾಡುವುದನ್ನು ಕೇಳುತ್ತಾ ಮಲಗಿದ್ದರೆ, ನಿಮಗೆ ತಲೆ ಕೆಟ್ಟಿಲ್ಲ. ಮೊದಲು ಆಸ್ಪತ್ರೆಗೆ ಒಂದು ಫೋನು ಮಾಡಿ. ನಾನು ಮಾಡಲು ತಡ ಮಾಡಿದೆ. ಈಗ ಚೆನ್ನಾಗಿದ್ದೇನೆ, ಪಾಠ ಮಾಡುತ್ತೇನೆ, ಬಸ್ಸಿನ ಡ್ರೈವರು ಹಂಪ್ ಹಾರಿಸಿದರೆ ಬೈಯುವಷ್ಟು ಶಕ್ತಿಯೂ ಬಂದಿದೆ. ಆದರೆ ಆ ದಿನಗಳ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮನೆಯವರು ಅರಕಲಗೂಡಿನಲ್ಲಿ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಇಟ್ಟಿದ್ದಾರೆ. ತವರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ದಂಡಿಗನಹಳ್ಳಿಯ ಮಗ್ಗುಲಿಗೆ. ಅಲ್ಲಿ ಅವ್ವ, ತಮ್ಮ, ಅವನ ಹೆಂಡತಿ ಮಕ್ಕಳು ಇದ್ದಾರೆ. ನನಗೆ ಮಕ್ಕಳಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಹೇಳದಿದ್ದರೂ ನೀವು ಕೇಳುತ್ತೀರಿ. ಹಾಸನದ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತ ಪ್ರತಿಯೊಬ್ಬರೂ ಕೇಳಿದರು. ಹೆಸರು ಕೇಳುವ ಮೊದಲೇ 'ಎಷ್ಟು ಮಕ್ಳು?' ಎಂದು ಶುರು ಮಾಡುತ್ತಿದ್ದರು. ಒಮ್ಮೆ ರೋಸಿಹೋಗಿ 'ನೂರರ ಮೇಲಿವೆ, ಮೂರು ಸೆಕ್ಷನ್ನು' ಎಂದುಬಿಟ್ಟೆ. ಆ ಹೆಂಗಸು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬ್ಯಾಗು ಎತ್ತಿಕೊಂಡು ಆಚೆ ಸಾಲಿಗೆ ಹೋಗಿ ಕೂತರು.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ನನ್ನ ಸ್ಥಿತಿ ಹದಗೆಟ್ಟಿತ್ತು. ತಿಂಗಳ ರಕ್ತಸ್ರಾವ ಶುರುವಾದರೆ ನಿಲ್ಲುವ ಮಾತೇ ಇರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆಯಲು ಮಕ್ಕಳಿಗೆ ಬೆನ್ನು ತಿರುಗಿಸುವುದಕ್ಕೇ ಭಯ. ಕಪ್ಪು ಸೀರೆ, ಕಡುನೀಲಿ ಸೀರೆ ಬಿಟ್ಟರೆ ಬೇರೆ ಉಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎದ್ದ ಮೇಲೆ ಕುರ್ಚಿಯನ್ನು ಒಮ್ಮೆ ನೋಡದೆ ಹೊರಗೆ ಕಾಲಿಟ್ಟವಳಲ್ಲ. ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಇಷ್ಟಾದರೂ 'ವಯಸ್ಸಾಯ್ತಲ್ಲ, ಹಿಂಗೇ ಆಗಿ ನಿಂತೋಗುತ್ತೆ' ಎಂದು ಹೇಳಿದವರೇ ಜಾಸ್ತಿ. ನಾನೂ ನಂಬಿಕೊಂಡು ಎರಡು ವರ್ಷ ಎಳೆದೆ.

ಡಾಕ್ಟರಮ್ಮ ಸ್ಕ್ಯಾನ್ ನೋಡಿದರು. ನಂತರ ನಮ್ಮನೆಯವರ ಕಡೆ ತಿರುಗಿ ಮಾತಾಡಲು ಶುರು ಮಾಡಿದರು. ಗಡ್ಡೆ ಇರುವುದು ನನ್ನ ಹೊಟ್ಟೆಯಲ್ಲಿ, ಕೂತಿರುವುದು ನಾನು, ಮಾತು ಮಾತ್ರ ಅವರ ಜೊತೆ. ಇವರೂ ಅಂಗಡಿಗೆ ಬಂದ ರೈತರ ಮಾತು ಕೇಳುವ ಹಾಗೆ ತಲೆಯಾಡಿಸುತ್ತಿದ್ದರು.

"ಗಡ್ಡೆಗಳಿವೆ. ಗರ್ಭಕೋಶನೂ ದಪ್ಪ ಆಗಿದೆ. ಮಾತ್ರೇಲಿ ನಿಲ್ತಾ ಇಲ್ಲ. ತೆಗೆಸೋದು ಒಳ್ಳೇದು. ಲ್ಯಾಪ್ರೋಸ್ಕೋಪೀಲಿ ಮಾಡ್ತೀವಿ, ಹೊಟ್ಟೆ ಕೊಯ್ಯಲ್ಲ. ಮಕ್ಕಳೆಷ್ಟು?"

ನಮ್ಮನೆಯವರು ನನ್ನ ಮುಖ ನೋಡಿದರು. ಇಷ್ಟು ಹೊತ್ತು ಎಲ್ಲದಕ್ಕೂ ಅವರೇ ಉತ್ತರ ಕೊಟ್ಟಿದ್ದರು, ಇದೊಂದನ್ನು ನನಗೆ ಬಿಟ್ಟರು.

"ಇಲ್ಲ ಮೇಡಂ" ಎಂದೆ.

ಡಾಕ್ಟರಮ್ಮನ ಪೆನ್ನು ಒಂದು ಗಳಿಗೆ ನಿಂತಿತು. "ಹೆಂಗೂ ನಲವತ್ತನಾಲ್ಕು ಆಯ್ತಲ್ಲ" ಎಂದು ತಾವೇ ಸಮಾಧಾನ ಹೇಳಿಕೊಂಡಂತೆ ಹೇಳಿ ಮುಂದೆ ಬರೆದರು. ಮಕ್ಕಳ ಆಸೆಯನ್ನು ನಾನು ಎಂದೋ ಕೈಬಿಟ್ಟಿದ್ದೆ ಎಂದುಕೊಂಡಿದ್ದೆ. ಟೆಸ್ಟು, ಇಂಜೆಕ್ಷನ್ನು, ಹರಕೆ ಎಲ್ಲ ಮುಗಿಸಿ ಸುಮ್ಮನಾಗಿದ್ದೆ. ಆದರೆ ಪೂರ್ತಿ ಬಿಟ್ಟಿರಲಿಲ್ಲ ಎಂದು ಆ ಕುರ್ಚಿಯ ಮೇಲೆ ಕೂತಾಗ ಗೊತ್ತಾಯಿತು.

ಅವತ್ತು ಸಾಯಂಕಾಲ ಅವ್ವನಿಗೆ ಫೋನು ಮಾಡಿದೆ. ಗರ್ಭಕೋಶ ತೆಗೆಯುತ್ತಾರಂತೆ ಎಂದೆ. ಆ ಕಡೆಯಿಂದ ಸದ್ದಿಲ್ಲ. ಲೈನು ಹೋಯಿತೇನೋ ಎಂದು ಎರಡು ಸಲ 'ಅವ್ವಾ' ಎಂದೆ.

"ಕೇಳುಸ್ತು ಕಣವ್ವ" ಎಂದಳು. ಆಮೇಲೆ, "ಆಪ್ರೇಸನ್ ಆದ್ಮ್ಯಾಕೆ ಸೀದಾ ಇಲ್ಗೇ ಬಾ. ಅಲ್ಲಿ ಯಾರವ್ರೆ ನಿಂಗೆ? ನಾನ್ ನೋಡ್ಕತೀನಿ."

ನೋಡಿಕೊಳ್ಳುವುದು ಎಂದರೆ ಅವ್ವನ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಯೋಚಿಸಲಿಲ್ಲ. ಮಗಳಿಗೆ ಹುಷಾರಿಲ್ಲ, ಅನ್ನ ಬೇಯಿಸಿ ಹಾಕುತ್ತಾಳೆ, ಅಷ್ಟೇ ಎಂದುಕೊಂಡೆ.

ಆಪರೇಷನ್ ಆಯಿತು. ಅದರ ಬಗ್ಗೆ ಹೇಳಲು ನನಗೇನೂ ಗೊತ್ತಿಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಹೊಟ್ಟೆ ನೋಯುತ್ತಿತ್ತು. ಅದಕ್ಕೆ ನಾನು ತಯಾರಾಗಿದ್ದೆ. ಮಾರನೆಯ ಬೆಳಿಗ್ಗೆ ಎಬ್ಬಿಸಿ ಕೂರಿಸಿದರು ನೋಡಿ, ಆಗ ಬಲಭುಜದ ತುದಿಯಲ್ಲಿ ಯಾರೋ ಕೊಕ್ಕೆ ಹಾಕಿ ಎಳೆದಂತಾಯಿತು. ಉಸಿರು ಎಳೆದರೆ ಇನ್ನೂ ಜೋರು. ಮಲಗಿದರೆ ಸ್ವಲ್ಪ ತಗ್ಗುತ್ತದೆ, ಕೂತರೆ ಮತ್ತೆ ಅದೇ. ಹೃದಯಕ್ಕೇನೋ ಆಗಿದೆ, ಇಲ್ಲೇ ಹೋಗುತ್ತೇನೆ ಎಂದು ನನಗೆ ಖಾತ್ರಿಯಾಯಿತು.

ರೌಂಡ್ಸಿಗೆ ಬಂದ ಡಾಕ್ಟರಮ್ಮ ನಾಡಿ ನೋಡಿ, ಎದೆ ಪರೀಕ್ಷೆ ಮಾಡಿ, "ಏನಿಲ್ಲ, ಹೊಟ್ಟೆ ಒಳಗೆ ಕಾಣ್ಸಲಿ ಅಂತ ಗಾಳಿ ತುಂಬಿರ್ತೀವಿ, ಅದು ಸ್ವಲ್ಪ ಉಳ್ಕೊಂಡಿರುತ್ತೆ. ಅದ್ರದ್ದೇ ನೋವು. ತಾನಾಗೇ ಹೋಗುತ್ತೆ" ಎಂದು ಮುಂದಿನ ಮಂಚಕ್ಕೆ ಹೋದರು. ಹೊಟ್ಟೆಯ ಗಾಳಿ ಭುಜಕ್ಕೆ ಯಾಕೆ ನೋವು ಕೊಡುತ್ತದೆ, ಯಾವಾಗ ಹೋಗುತ್ತದೆ, ಹೋಗುವವರೆಗೆ ನಾನೇನು ಮಾಡಬೇಕು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ಆಪರೇಷನ್ನಿಗೆ ಮೊದಲು ಇಷ್ಟನ್ನು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಭುಜ ನೋಯುತ್ತದೆ ಕಣಮ್ಮಾ, ಹೆದರಬೇಡ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಈ ಪ್ರಶ್ನೆಯನ್ನು ನಾನು ಈಗಲೂ ಕೇಳುತ್ತೇನೆ.

ಇಡೀ ವಾರ್ಡಿನಲ್ಲಿ ನನ್ನ ಪಾಲಿಗೆ ದೇವರಂತೆ ಬಂದದ್ದು ಒಬ್ಬ ಸಿಸ್ಟರು. ಕೆಮ್ಮು ಬಂದು ನಾನು ಕಣ್ಣೀರು ಹಾಕುತ್ತಿದ್ದಾಗ ಒಂದು ದಿಂಬು ತಂದು ಹೊಟ್ಟೆಯ ಮೇಲೆ ಇಟ್ಟು, ಅದರ ಮೇಲೆ ನನ್ನ ಎರಡೂ ಕೈ ಇರಿಸಿ, "ಹಿಂಗೆ ಒತ್ತಿ ಹಿಡ್ಕೊಂಡು ಕೆಮ್ಮಿ" ಎಂದರು. ಅರ್ಧ ನೋವು ಅಲ್ಲೇ ಕಡಿಮೆಯಾಯಿತು. ಮನೆಗೆ ಹೊರಡುವ ದಿನವೂ ಅವರೇ ಬಂದು ಏನೇನೋ ಹೇಳಿದರು. ಆದರೆ ನಾನು ಮಾತ್ರೆಯ ಮಂಪರಿನಲ್ಲಿದ್ದೆ. ನಮ್ಮನೆಯವರು ಒಂದು ಕಿವಿಯಲ್ಲಿ ಫೋನು ಇಟ್ಟುಕೊಂಡು ಯಾರಿಗೋ ಶುಂಠಿಯ ಕೊಳೆರೋಗಕ್ಕೆ ಔಷಧಿ ಹೇಳುತ್ತಾ, ಇನ್ನೊಂದು ಕಿವಿಯಲ್ಲಿ ಸಿಸ್ಟರ ಮಾತಿಗೆ ಹೂಂ ಹೂಂ ಎಂದರು. ಶುಂಠಿಯವನಿಗೆ ಹೇಳಿದ್ದು ಒಂದಕ್ಷರ ತಪ್ಪದೆ ನೆನಪಿದೆ ಅವರಿಗೆ. ನನ್ನ ವಿಷಯದಲ್ಲಿ ಸಿಸ್ಟರು ಹೇಳಿದ್ದು ಒಂದೂ ಇಲ್ಲ.

ಹಾಸನದಿಂದ ತವರಿಗೆ ಕಾರಿನಲ್ಲಿ ಬಂದೆವು. ಆ ರಸ್ತೆಯ ಹಂಪುಗಳನ್ನು ಯಾವ ಪುಣ್ಯಾತ್ಮ ಹಾಕಿಸಿದನೋ, ಒಂದೊಂದಕ್ಕೂ ಅವನಿಗೆ ಶಾಪ ಹಾಕಿದೆ. ಮನೆ ಮುಂದೆ ಇಳಿದಾಗ ಅವ್ವ ಬಾಗಿಲಲ್ಲೇ ತಡೆದು ನಿವಾಳಿಸಿ, ಕೆಂಪು ನೀರು ಚೆಲ್ಲಿ ಒಳಗೆ ಕರೆದುಕೊಂಡಳು. ನಡುಮನೆಯ ಪಕ್ಕದ ಕೋಣೆಯ ಬಾಗಿಲು ತೆಗೆದಾಗ ನಾನು ಹೊಸ್ತಿಲಲ್ಲೇ ನಿಂತೆ. ಕಿಟಕಿಗೆ ಕಂಬಳಿ ಕಟ್ಟಿದ್ದಾಳೆ. ಮಂಚದ ಕೆಳಗೆ ಬಾಂಡಲಿಯಲ್ಲಿ ಕೆಂಡ. ಮೂಲೆಯಲ್ಲಿ ಸಾಂಬ್ರಾಣಿ. ಮಂಚದ ಮೇಲೆ ಹತ್ತಿ, ಸ್ಕಾರ್ಫು, ಕಾಲುಚೀಲ, ಉದ್ದಕ್ಕೆ ಮಡಚಿದ ಮೆತ್ತನೆಯ ಹಳೆಯ ಸೀರೆ. ಇದು ಬಾಣಂತಿ ಕೋಣೆ.

ನಿಮಗೆ ಒಂದು ವಿಷಯ ಹೇಳಬೇಕು. ನಮ್ಮವ್ವ ನಮ್ಮೂರಿನಲ್ಲಿ ಬಾಣಂತನಕ್ಕೆ ಹೆಸರಾದವಳು. ಯಾರ ಮನೆಗೆ ಮಗಳು ಹೆರಿಗೆಗೆ ಬಂದರೂ ನೀರು ಹುಯ್ಯಲು ಇವಳೇ ಹೋಗಬೇಕು. ಸುಡು ಸುಡು ನೀರನ್ನು ಸೊಂಟಕ್ಕೆ ಬೀಸಿ ಹುಯ್ಯುವ ಕೈ ಅವಳದ್ದು. ಆದರೆ ತನ್ನ ಮನೆಯಲ್ಲಿ ಒಂದು ಬಾಣಂತನ ಮಾಡುವ ಯೋಗ ಅವಳಿಗೆ ಬಂದಿರಲಿಲ್ಲ. ತಮ್ಮನ ಹೆಂಡತಿ ನಮ್ಮಲ್ಲಿನ ಪದ್ಧತಿಯಂತೆ ಎರಡು ಸಲವೂ ತನ್ನ ತವರಿಗೆ ಹೋದಳು. ಮಗಳ ಬಾಣಂತನ ಅಂದರೆ ನನ್ನದು. ನಾನೋ, ಹೆರಲಿಲ್ಲ.

ಇದೆಲ್ಲ ನನಗೆ ಆಗ ಹೊಳೆಯಲಿಲ್ಲ. ಆಗ ಹೊಳೆದದ್ದು ಇಷ್ಟೇ: ಸೆಕೆ, ಹೊಗೆ, ಬಾಯಾರಿಕೆ, ಭುಜ.

ಅವ್ವ ಆ ಸೀರೆಯನ್ನು ಹೊಟ್ಟೆಗೆ ಸುತ್ತಿ, ಮಂಡಿಯೂರಿ ಎಳೆದು, ಬೆನ್ನ ಹಿಂದೆ ಗಂಟು ಹಾಕಿದಳು. "ಕಟ್ದೆ ಬುಟ್ರೆ ಗಾಳಿ ಸೇರ್ಕತ್ತದೆ ಕಣವ್ವ" ಎಂದಳು. ಗಾಳಿ ಆಗಲೇ ಸೇರಿದೆ ಕಣವ್ವ, ಅದನ್ನು ಡಾಕ್ಟರೇ ತುಂಬಿದ್ದಾರೆ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸೀರೆಯ ಬಿಗಿತಕ್ಕೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹೊಗೆಗೆ ಕೆಮ್ಮು ಬರುತ್ತಿತ್ತು. ಕೆಮ್ಮಿದರೆ ನಾಲ್ಕೂ ತೂತು ಒಟ್ಟಿಗೆ ಬಾಯಿಬಿಟ್ಟಂತೆ ಆಗುತ್ತಿತ್ತು. ನೀರು ಕೇಳಿದರೆ ಒಂದು ಸಣ್ಣ ಲೋಟದಲ್ಲಿ ಜೀರಿಗೆ ಹಾಕಿ ಕಾಯಿಸಿದ ನೀರು.

"ಇನ್ನೊಂದು ಲೋಟ ಕೊಡವ್ವ."

"ಬ್ಯಾಡ. ಜಾಸ್ತಿ ನೀರ್ ಕುಡುದ್ರೆ ಒಟ್ಟೆ ಊದ್ಕತ್ತದೆ. ಗಂಟ್ಲು ಒಣಗಿದ್ರೆ ಎಲೆ ಅಡ್ಕೆ ಮೆಲ್ಲು."

"ನನ್ಗೆ ಎಲೆ ಅಡ್ಕೆ ಬ್ಯಾಡ, ನೀರು ಬೇಕು."

"ಅಂಗೆಲ್ಲ ರೇಗ್ಬ್ಯಾಡ್ದು. ಅಸಿ ಮೈ."

ಎದ್ದು ನಡೆಯಲು ಹೋದರೆ ಗದರಿಸುತ್ತಿದ್ದಳು. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಹಾಕಿದ ಬಿಸಿ ಅನ್ನ ಬಿಟ್ಟರೆ ಬೇರೆ ಊಟವಿಲ್ಲ. ನೀರಿಲ್ಲದೆ, ಓಡಾಟವಿಲ್ಲದೆ ಹೊಟ್ಟೆ ಕಲ್ಲಾಯಿತು. ಆಪರೇಷನ್ ಆದವಳು ಮಲಬದ್ಧತೆಯಲ್ಲಿ ತಿಣುಕುವ ಕಷ್ಟವನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಇನ್ನೊಬ್ಬಳು ಅದನ್ನೇ ಅನುಭವಿಸುತ್ತಾಳೆ, ಅದಕ್ಕೇ ಬರೆದಿದ್ದೇನೆ. ಹಂಡೆಯಲ್ಲಿ ನೀರು ಕುದಿಸಿ ಬಚ್ಚಲಿಗೆ ಕರೆದಾಗ ಮಾತ್ರ ನಾನು ಹಟ ಹಿಡಿದೆ. ಹೊಲಿಗೆ ನೆಂದರೆ ಕೀವಾಗುತ್ತದೆ, ಮತ್ತೆ ಹಾಸನಕ್ಕೆ ಹೋಗಬೇಕಾಗುತ್ತದೆ ಎಂದು ಹೆದರಿಸಿದೆ. ಅವ್ವ ಒಲೆಯ ಸೌದೆ ಹಿಂದಕ್ಕೆಳೆದಳು.

ಇನ್ನು ಮಾತ್ರೆಯ ಕಥೆ. ನೋವಿನ ಮಾತ್ರೆಯ ಪೊಟ್ಟಣವನ್ನು ನಮ್ಮನೆಯವರು ಹೊರಡುವಾಗ ಅವ್ವನ ಕೈಗೆ ಕೊಟ್ಟು, "ತೀರಾ ತಡೆಯಕ್ಕಾಗ್ದೆ ಹೋದ್ರೆ ಮಾತ್ರ ಕೊಡಿ ಅತ್ತೆ. ಕಿಡ್ನಿಗೆ ಹೊಡೀತದೆ. ವಿಷ ಮಾರೋನು ನಾನು, ನನ್ಗೊತ್ತಿಲ್ವಾ?" ಎಂದಿದ್ದರು. ಅವ್ವನಿಗೆ ಅದು ವೇದವಾಕ್ಯವಾಯಿತು. ನಾನು ಅತ್ತ ಮೇಲೆ ಮಾತ್ರೆ ಬರುತ್ತಿತ್ತು. ಅದು ಕೆಲಸ ಶುರು ಮಾಡುವಷ್ಟರಲ್ಲಿ ನೋವು ನೆತ್ತಿಗೆ ಏರಿರುತ್ತಿತ್ತು. ತಗ್ಗುವ ಹೊತ್ತಿಗೆ ಮಾತ್ರೆಯ ಅವಧಿ ಮುಗಿದಿರುತ್ತಿತ್ತು. ನೋಡಲು ಬಂದವರೆಲ್ಲ ಬಲಭುಜವನ್ನು ಒಮ್ಮೆ ಒತ್ತಿ ನೋಡಿ ಒಂದೊಂದು ತೀರ್ಪು ಕೊಟ್ಟು ಹೋದರು. ನರ ಹಿಡಿದಿದೆ ಎಂದವರು ಕೆಲವರು, ಉಳುಕಿದೆ ಎಂದವರು ಕೆಲವರು. ನಮ್ಮ ಕಾಲದಲ್ಲಿ ಹೊಟ್ಟೆಯನ್ನೇ ಉದ್ದಕ್ಕೆ ಕೊಯ್ದಿದ್ದರು, ನಾವು ಹೀಗೆ ಅತ್ತಿರಲಿಲ್ಲ ಎಂದವರೇ ಹೆಚ್ಚು.

ಒಂದು ಮಧ್ಯಾಹ್ನ ಅವ್ವ ಮತ್ತೆ ಸಾಂಬ್ರಾಣಿ ಹಾಕಿದಳು. ಕೆಮ್ಮು ಹತ್ತಿಕೊಂಡಿತು. ಕೆಮ್ಮಿ ಕೆಮ್ಮಿ ಸುಸ್ತಾಗಿ, ಭುಜ ಹಿಡಿದುಕೊಂಡು, ಇನ್ನು ನನ್ನ ಕೈಲಾಗುವುದಿಲ್ಲ ಎಂದು ಆಸ್ಪತ್ರೆಯ ನಂಬರಿಗೆ ಫೋನು ಮಾಡಿದೆ. ಕೈ ಎತ್ತಿ ಕಿವಿಗೆ ಹಿಡಿಯಲು ಆಗದೆ ಸ್ಪೀಕರಿಗೆ ಹಾಕಿ ದಿಂಬಿನ ಮೇಲಿಟ್ಟೆ. ಪುಣ್ಯಕ್ಕೆ ಎತ್ತಿದ್ದು ಅದೇ ಸಿಸ್ಟರು. ಅವ್ವ ಬಾಂಡಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಸಿಸ್ಟರು ಮೊದಲು ಜ್ವರ ಇದೆಯಾ, ಎದೆ ಬಿಗಿಯುತ್ತದಾ, ಕಾಲು ಊದಿದೆಯಾ, ರಕ್ತ ಹೋಗುತ್ತಿದೆಯಾ ಎಂದೆಲ್ಲ ಕೇಳಿ, ಡಾಕ್ಟರಮ್ಮನನ್ನೂ ವಿಚಾರಿಸಿ ಮತ್ತೆ ಲೈನಿಗೆ ಬಂದರು.

"ಇದೆಲ್ಲಾ ಅವತ್ತೇ ಹೇಳಿದ್ನಲ್ಲ ಮೇಡಂ. ನಿಮ್ಮ ಯಜಮಾನ್ರು ಹೂಂ ಅಂದ್ರು. ಮಾತ್ರೆಗೆ ನೋವು ಬರೋವರ್ಗೂ ಕಾಯ್ಬೇಡಿ, ಬರೆದಿರೋ ಹೊತ್ತಿಗೆ ತಗೊಳಿ. ಒಂದೇ ಕಡೆ ಮಲಗ್ಬೇಡಿ. ಮೆಲ್ಲಗೆ, ಆಗಾಗ, ಸ್ವಲ್ಪ ಸ್ವಲ್ಪ ನಡೀರಿ, ಆ ಗಾಳಿ ಬೇಗ ಕರಗುತ್ತೆ. ನೀರು ಚೆನ್ನಾಗಿ ಕುಡೀರಿ. ಭುಜಕ್ಕೆ ಬಿಸಿ ಶಾಖ ಕೊಡಿ. ಹೊಟ್ಟೆಗೇನಾದ್ರೂ ಕಟ್ಟಿದ್ದೀರಾ?"

"ಸೀರೆ."

"ಬಿಚ್ಚಿ ಮೊದ್ಲು! ಉಸಿರು ಪೂರ್ತಿ ಎಳೀಬೇಕು ನೀವು. ಯಾಕೆ ಅಷ್ಟು ಕೆಮ್ತಾ ಇದ್ದೀರ?"

"ಹೊಗೆ ಹಾಕಿದ್ದಾರೆ ಸಿಸ್ಟರ್. ಸಾಂಬ್ರಾಣಿ."

"ಹೊಗೆನಾ? ಹೊಗೆ ಯಾಕೆ ಮೇಡಂ? ನಿಮಗೇನು ಡೆಲಿವರಿ ಆಗಿದ್ಯಾ?"

ಪಾಪ, ಆಕೆ ಸುಮ್ಮನೆ ಕೇಳಿದ್ದು. ಥ್ಯಾಂಕ್ಸ್ ಸಿಸ್ಟರ್ ಎಂದು ಫೋನು ಇಟ್ಟೆ.

ಅವ್ವ ಅಲ್ಲಾಡಲಿಲ್ಲ. ಸೀರೆಯ ಗಂಟು ಬೆನ್ನ ಹಿಂದಿತ್ತು, ನನ್ನ ಬಲಗೈ ಅಲ್ಲಿಗೆ ಹೋಗುತ್ತಿರಲಿಲ್ಲ.

"ಬಿಚ್ಚವ್ವ" ಎಂದೆ.

"ಇನ್ನೆಲ್ಡು ದಿವ್ಸ ಇರ್ಲಿ ಕಣವ್ವ. ಆ ಯಮ್ಮ ಚಿಕ್ಕೋಳು, ಅವ್ಳಿಗೇನ್ ಗೊತ್ತು."

ನನಗೆ ಎಲ್ಲಿತ್ತೋ ಆ ಸಿಟ್ಟು. ವೇಟಿಂಗ್ ರೂಮಿನ ಸಿಟ್ಟು, ಡಾಕ್ಟರಮ್ಮನ ಬೆನ್ನಿನ ಮೇಲಿನ ಸಿಟ್ಟು, ಕಪ್ಪು ಸೀರೆಗಳ ಸಿಟ್ಟು ಎಲ್ಲ ಒಟ್ಟಿಗೆ ಬಂತು. "ನಾನು ಹೆತ್ತಿಲ್ಲ ಕಣವ್ವಾ!" ಎಂದು ಕಿರುಚಿದೆ. "ಹೆರೋದೂ ಇಲ್ಲ. ಗರ್ಭಕೋಶನೇ ತೆಗ್ದು ಬಿಸಾಕವ್ರೆ. ಯಾರಿಗ್ ಮಾಡ್ತಿದ್ದೀಯ ನೀನು ಈ ಬಾಣಂತನವ? ಕೂಸೆಲ್ಲೈತೆ ಇಲ್ಲಿ?"

ಕಿರುಚಿದ್ದಕ್ಕೆ ಹೊಟ್ಟೆ ಹಿಡಿದುಕೊಂಡಿತು. ದಿಂಬನ್ನು ಒತ್ತಿಕೊಂಡು ಬಗ್ಗಿ ಕೂತೆ. ಅವ್ವ ಬಾಂಡಲಿಯನ್ನು ಹೊರಗೆ ಇಟ್ಟು ಬಂದು ನನ್ನ ಹಿಂದೆ ಕೂತಳು. ಗಂಟಿಗೆ ಕೈ ಹಾಕಿದಳು. ಬಹಳ ಬಿಗಿಯಾಗಿತ್ತು, ಬೇಗ ಬಿಚ್ಚಲಿಲ್ಲ.

"ನಂಗ್ ಗೊತ್ತಿಲ್ವಾ ಮಗ" ಎಂದಳು. "ಊರೋರ್ ಮಕ್ಳಿಗೆಲ್ಲ ಮಾಡ್ದೆ. ಪ್ರತಿ ಸಲ ನೀರು ಉಯ್ಯುವಾಗ್ಲೂವೆ, ನನ್ ಮಗೀಗೂ ಒಂದಿನ ಉಯ್ತೀನಿ ಅನ್ಕತಿದ್ದೆ. ಈ ಸೀರೆ ನಿನ್ನ ಮದ್ವೆಯಾದ ವರ್ಸ ತೆಗ್ದಿಟ್ಟಿದ್ದು. ಮೆತ್ಗದೆ ಅಂತ. ನೀನು ಫೋನ್ ಮಾಡ್ದೆಯಲ್ಲ, ಆವತ್ತು ಇನ್ನು ಇದ್ಕೆ ಕೆಲ್ಸ ಇಲ್ಲ ಅಂತ ಅಳು ಬಂತು. ಆಮೇಕೆ, ನನ್ ಮಗ್ಳು ಒಟ್ಟೆ ನೋವು ತಿಂದೇ ಬತ್ತಾವ್ಳಲ್ಲ, ಅದ್ಕೇ ಕಟ್ಟನ ಅಂತ ಒಗ್ದು ಮಡಿಕ್ಕಂಡೆ."

ಗಂಟು ಬಿಚ್ಚಿತು. ಸೀರೆ ಸಡಿಲವಾಗಿ ಮಂಚದ ಮೇಲೆ ಬಿತ್ತು. ನಾನು ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ಎಳೆದೆ. ಅವ್ವನ ಮೇಲೆ ಅಯ್ಯೋ ಅನ್ನಿಸಿತು, ಸಿಟ್ಟೂ ಹಾಗೇ ಇತ್ತು. ಮನಸಾರೆ ಅಳೋಣ ಎಂದರೆ ಅತ್ತರೆ ಹೊಲಿಗೆ ಎಳೆಯುತ್ತದೆ. ಅಳುವುದಕ್ಕೂ ಗತಿಯಿಲ್ಲದ ಪರಿಸ್ಥಿತಿ. ಅವ್ವ ಎದ್ದು ಹೋಗಿ ಒಂದು ಚೊಂಬು ತುಂಬ ನೀರು ತಂದಿಟ್ಟಳು. ಕಿಟಕಿಯ ಕಂಬಳಿ ಕಿತ್ತಳು. ನನ್ನ ಮುಖ ನೋಡಲಿಲ್ಲ.

ನಮ್ಮನೆಯವರಿಗೂ ಅವತ್ತೇ ಫೋನು ಮಾಡಿದೆ. ಅವರು ಮತ್ತೆ ಕಿಡ್ನಿ ಎಂದು ಶುರು ಮಾಡಿದರು.

"ರೀ, ಶುಂಠಿಗೆ ರೋಗ ಬಂದು ಕೊಳೆತ ಮೇಲೆ ಔಷಧಿ ಕೇಳ್ಕೊಂಡು ಬರೋರಿಗೆ ನೀವೇನಂತೀರ?"

"ಬಯ್ತೀನಿ. ಬರೋಕ್ ಮುಂಚೆ ಹೊಡೀಬೇಕಾಗಿತ್ತು ಅಂತೀನಿ."

"ಈ ಮಾತ್ರೆನೂ ಅಷ್ಟೇ. ಡಾಕ್ಟ್ರು ಬರೆದಷ್ಟೇ ತಗೊಳೋದು, ಬರೆದಷ್ಟು ದಿನವೇ. ಆದ್ರೆ ಕೊಳೆಯೋಕ್ ಮುಂಚೆ."

"ಹಂಗಂತ ಸಿಸ್ಟರು ನಂಗೆ ಹೇಳಿದ್ರಾ?" ಎಂದರು. ಹೇಳಿದರು, ನೀವು ಫೋನಿನಲ್ಲಿದ್ದಿರಿ ಎಂದೆ. ಅಲ್ಲಿಂದ ಮುಂದೆ ಮಾತ್ರೆಯ ಹೊತ್ತಿಗೆ ಸರಿಯಾಗಿ ಅಂಗಡಿಯಿಂದ ಅವರ ಫೋನು ಬರುತ್ತಿತ್ತು. 'ತಗೊಂಡ್ಯಾ?' ಎಂದಷ್ಟೇ ಕೇಳಿ ಇಡುತ್ತಿದ್ದರು. ಗಂಡಸಿಗೆ ತನ್ನ ಕಸುಬಿನ ಭಾಷೆಯಲ್ಲಿ ಹೇಳಿದರೆ ಹೆಂಡತಿಯ ನೋವೂ ಅರ್ಥವಾಗುತ್ತದೆ ಎಂದು ಇಪ್ಪತ್ತು ವರ್ಷದ ಸಂಸಾರದಲ್ಲಿ ಆಗ ಕಲಿತೆ.

ನೋವು ಒಂದೇ ಸಲ ಮಾಯವಾಗಲಿಲ್ಲ. ಆದರೆ ಅದಕ್ಕೊಂದು ಲಗಾಮು ಬಿತ್ತು. ಶಾಖ ಕೊಟ್ಟಾಗ ಭುಜ ಸಡಿಲವಾಗುತ್ತಿತ್ತು. ನೀರು ಕುಡಿದು, ಹಣ್ಣು ತಿಂದು, ಹೊಟ್ಟೆಯ ಕಲ್ಲು ಕರಗಿತು. ಮನೆಯೊಳಗೆ ಗೋಡೆ ಹಿಡಿದು ಅಡುಗೆಮನೆಯವರೆಗೆ ಹೋಗಿ ಬರುತ್ತಿದ್ದೆ. ಅವ್ವ ಬೇಡ ಎನ್ನುತ್ತಿರಲಿಲ್ಲ, ಜೊತೆಗೂ ಬರುತ್ತಿರಲಿಲ್ಲ. ಅನ್ನ ಬಡಿಸುವಾಗ ಬೇಕಾ ಸಾಕಾ ಎನ್ನುವಷ್ಟೇ ಮಾತು. ಆ ಮೌನ ಭುಜ ನೋವಿಗಿಂತ ಹೆಚ್ಚಾಗಿ ನನ್ನನ್ನು ತಿಂದಿತು. ಆಡಿದ ಮಾತು ಸುಳ್ಳಲ್ಲವಲ್ಲ, ವಾಪಸ್ಸು ತೆಗೆದುಕೊಳ್ಳುವುದು ಹೇಗೆ? ತೆಗೆದುಕೊಂಡರೆ ಮತ್ತೆ ಸೀರೆ ಬಿಗಿಯುತ್ತಾಳೆ.

ಒಂದು ಬೆಳಿಗ್ಗೆ ಮನೆಯೊಳಗೆ ನಡೆದು ನಡೆದು ಬೇಜಾರಾಗಿ ಬಾಗಿಲಿಗೆ ಬಂದೆ. ಬೀದಿಯಲ್ಲಿ ಎಳೆಬಿಸಿಲು ಇತ್ತು. ಹೊಸ್ತಿಲು ದಾಟಲು ಕಾಲು ಎತ್ತಿದಾಗ ತಲೆ ಸುತ್ತಿದಂತಾಗಿ ಬಾಗಿಲು ಹಿಡಿದೆ. ಒಳಗಿಂದ ಅವ್ವ ಬಂದಳು. ಏನೂ ಮಾತಾಡದೆ ನನ್ನ ಬಲತೋಳಿಗೆ ಕೈ ಕೊಟ್ಟು ಇಳಿಸಿದಳು. ತಲೆಯಲ್ಲಿ ಸ್ಕಾರ್ಫಿಲ್ಲ, ಕಿವಿಯಲ್ಲಿ ಹತ್ತಿಯಿಲ್ಲ, ಹಾಗೇ ಇಬ್ಬರೂ ಬೀದಿಗೆ ಇಳಿದೆವು.

ಎದುರು ಮನೆಯ ಜಯಕ್ಕ ಜಗಲಿಯ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಅವರ ಮೂರು ಹೆಣ್ಣುಮಕ್ಕಳ ಬಾಣಂತನಕ್ಕೂ ನೀರು ಹುಯ್ದದ್ದು ನಮ್ಮವ್ವ. ನಮ್ಮನ್ನು ಕಂಡವರೇ ಕೈಯಲ್ಲಿದ್ದ ಕಾಯಿ ಬಿಟ್ಟರು.

"ಏನ್ ಕಮ್ಲಮ್ಮ, ಇಷ್ಟ್ ಬ್ಯಾಗ ಎಬ್ಸಿ ಬೀದಿಗ್ ತಂದ್ಬುಟ್ಟಿದ್ದೀಯ? ಕಿವೀಗ್ ಒಂದೀಟು ಅತ್ತಿನೂ ಇಲ್ಲ. ನನ್ ಮಕ್ಳುನ್ನ ತಿಂಗ್ಳಾನಗಟ್ಲೆ ಕ್ವಾಣೆಯಿಂದ ಆಚೀಕ್ ಬುಟ್ಟಿದ್ಯಾ ನೀನು? ಮಗ್ಳಿಗೆ ಇಂಗಾ ಬಾಣಂತನ ಮಾಡಾದು?"

ನಾನು ತಲೆ ತಗ್ಗಿಸಿದೆ. ಅವ್ವ ಈಗ ಏನೋ ಒಂದು ಹೇಳಿ ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಾಳೆ, ಮತ್ತೆ ಕೋಣೆ, ಮತ್ತೆ ಕಂಬಳಿ ಎಂದುಕೊಂಡೆ. ಅವಳು ಬೀದಿಯ ಮಧ್ಯದಲ್ಲಿ ನಿಂತಳು. ಊರಿನ ಎಲ್ಲರ ಬಾಣಂತನ ಮಾಡಿದ ನಮ್ಮವ್ವ ಗಂಟಲು ಸರಿಮಾಡಿಕೊಂಡಳು.

"ನನ್ ಮಗ್ಳು ಬಾಣಂತಿ ಅಲ್ಲ ಕಣ್ ಜಯಕ್ಕ" ಎಂದಳು. ಬೀದಿಯ ಆ ತುದಿಯವರೆಗೂ ಕೇಳಿಸುವಂತೆ ಹೇಳಿದಳು. "ಅವ್ಳು ಬಾಣಂತಿ ಆಗಾದೂ ಇಲ್ಲ. ಆಪ್ರೇಸನ್ ಆಗೈತೆ. ನಡೀಬೇಕಂತೆ, ನಡುಸ್ತಿದ್ದೀನಿ."

ಜಯಕ್ಕ ಬಿಟ್ಟ ಕಾಯಿಯನ್ನು ಮತ್ತೆ ಕೈಗೆತ್ತಿಕೊಂಡರು. ಅವ್ವ ಮುಂದಕ್ಕೆ ನೋಡುತ್ತಾ ಹೆಜ್ಜೆ ಹಾಕಿದಳು. ಅವಳ ಕೈ ನನ್ನ ತೋಳನ್ನು ಗಟ್ಟಿಯಾಗಿ ಅಮುಕಿ ಹಿಡಿದಿತ್ತು. ನೋಯುತ್ತಿದ್ದ ಭುಜದ ತೋಳೇ ಅದು. ನಾನು ಬಿಡಿಸಿಕೊಳ್ಳಲಿಲ್ಲ.